ಸಹಾಯ ಬೇಕು: ಸರ್ವಿಸ್ ಆದ ಮೇಲೆ ಮೂರು ಚಕ್ರದ ಬೈಕ್ ಕರೆಂಟ್ ಕಾಟ

ನಾನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ನನ್ನದು ಮುಂದೆ ಎರಡು, ಹಿಂದೆ ಒಂದು ಚಕ್ರದ ಬೈಕ್. ಹೋದ ವಾರ ಡೀಲರ್ ಹತ್ತಿರ ಸರ್ವಿಸ್ ಮಾಡಿಸಿ, ಹೊಸ ಬ್ಯಾಟರಿ ಹಾಕಿಸಿದೆ. ಅಲ್ಲಿಂದ ಶುರುವಾಯ್ತು ಗ್ರಹಚಾರ. ಗುಂಡಿಗೆ ಇಳಿದರೆ ಸಾಕು, ಡಿಸ್‌ಪ್ಲೇ ಆರಿ ಮತ್ತೆ ಹತ್ತುತ್ತದೆ. ಎಬಿಎಸ್ ಬ್ರೇಕ್‌ನ ವಾರ್ನಿಂಗ್ ಲೈಟ್ ಬರುತ್ತದೆ, ಪವರ್ ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಗುತ್ತದೆ. ಮೊನ್ನೆ ಹೈವೇಯಲ್ಲೇ ಲಿಂಪ್ ಮೋಡ್‌ಗೆ (ತೊಂದರೆ ಕಂಡಾಗ ಬೈಕ್ ತಾನೇ ಇಂಜಿನ್ ಪವರ್ ಕಡಿಮೆ ಮಾಡಿಕೊಳ್ಳುವುದು) ಹೋಯ್ತು, ಜೀವ ಬಾಯಿಗೆ ಬಂತು.

ಮಲ್ಟಿಮೀಟರ್ ಹಿಡಿದು ನೋಡಿದೆ. ಆಫ್ ಇದ್ದಾಗ 12.7 ವೋಲ್ಟ್, ಇಂಜಿನ್ ಓಡುವಾಗ 14.2. ಅಂದ್ರೆ ಚಾರ್ಜಿಂಗ್ ಸರಿಯಿದೆ ಅಲ್ವಾ? ಫ್ಯೂಸ್ ಯಾವುದೂ ಹೋಗಿಲ್ಲ. ಬ್ಯಾಟರಿಯ ನೆಗೆಟಿವ್ ಬೋಲ್ಟ್ ಮಾತ್ರ ಅರ್ಧ ಸುತ್ತು ಸಡಿಲ ಇತ್ತು! ಬಿಗಿ ಮಾಡಿದೆ, ಕಾಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಅರ್ಥಿಂಗ್ ವೈರ್ ಫ್ರೇಮ್‌ಗೆ ಸೇರುವ ಜಾಗದ ಮೇಲೆ ನನಗೆ ಅನುಮಾನ. ವೋಲ್ಟೇಜ್ ಡ್ರಾಪ್ ಟೆಸ್ಟ್ (ವೈರ್, ಜಾಯಿಂಟ್‌ನಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅಂತ ಅಳೆಯುವುದು) ಮಾಡಿದವರು ಯಾರಾದ್ರೂ ಇದ್ದೀರಾ? ಎಷ್ಟು ಬಂದರೆ ಜಾಸ್ತಿ ಅಂತ ಲೆಕ್ಕ? ಡೀಲರ್ ಅಂತೂ ಚೆಕ್ ಮಾಡೋಕೇ ಮತ್ತೆ ದುಡ್ಡು ಕೇಳುತ್ತಿದ್ದಾರೆ.