'ಮಬ್ಬು' ಅಂದ್ರೆ ಬೆಳಕು ಕಮ್ಮಿಯಾ, ಫೋಕಸ್ ತಪ್ಪಿದ್ದಾ?

ಎಲ್ರಿಗೂ ನಮಸ್ಕಾರ, ಉಡುಪಿಯಿಂದ ಬರೀತಿದ್ದೇನೆ, ಒಂದು ಪದದ ಬಗ್ಗೆ ಕೇಳ್ಲಿಕ್ಕುಂಟು. ಇಲ್ಲಿ ಕೆಲವು ಹುಡುಗರಿಗೆ ಡಾರ್ಕ್‌ರೂಮಲ್ಲಿ ಫೋಟೋ ದೊಡ್ಡದು ಮಾಡ್ಲಿಕ್ಕೆ ಹೇಳಿಕೊಡ್ತಿದ್ದೇನೆ, ಅದಕ್ಕೆ ಕನ್ನಡದಲ್ಲೇ ನೋಟ್ಸ್ ಮಾಡ್ತಾ ಇದ್ದೇನೆ. ಎನ್‌ಲಾರ್ಜರ್ (ನೆಗೆಟಿವ್ ಮೂಲಕ ಬೆಳಕು ಬಿಟ್ಟು ಚಿತ್ರ ದೊಡ್ಡದು ಮಾಡುವ ಯಂತ್ರ), ನೆಗೆಟಿವ್, ಹೈಪೋ (ಪ್ರಿಂಟಿನ ಚಿತ್ರ ಕೆಡದ ಹಾಗೆ ನಿಲ್ಲಿಸುವ ದ್ರಾವಣ) ಇದೆಲ್ಲ ಸ್ಟುಡಿಯೋದವ್ರ ಬಾಯಲ್ಲಿ ಇದ್ದ ಹಾಗೇ ಇರ್ಲಿ, ತಕರಾರಿಲ್ಲ. ತೊಡಕಾದದ್ದು 'ಮಬ್ಬು'.

"ಸರ್, ಮಬ್ಬು ಕಾಣ್ತದೆ" ಅಂತಾರೆ. ಒಬ್ಬನಿಗೆ ಎನ್‌ಲಾರ್ಜರ್ ಕೆಳಗಿನ ಹಲಗೆ ಮೇಲೆ ಬೀಳುವ ಬೆಳಕೇ ಸಾಲ್ತಿಲ್ಲ, ಇನ್ನೊಬ್ಬನಿಗೆ ಬೆಳಕು ಬೇಕಾದಷ್ಟುಂಟು, ಫೋಕಸ್ ಕೂತಿಲ್ಲ. ಎರಡಕ್ಕೂ ಮದ್ದು ಬೇರೆ.

ಫೋಕಸ್ ನೋಡುವಾಗ ಲೆನ್ಸ್ ಪೂರ್ತಿ ತೆರೆದು 2.8ಕ್ಕೆ ಇಟ್ಟು (ಈ ಅಂಕಿ ದೊಡ್ಡದಾದಷ್ಟೂ ಲೆನ್ಸಿನ ಬಾಯಿ ಸಣ್ಣದು), ಕಣಗಳನ್ನು ದೊಡ್ಡದಾಗಿ ತೋರಿಸುವ ಗ್ರೇನ್ ಫೋಕಸರಿಗೆ ಕಣ್ಣಿಟ್ಟು ನಾಬನ್ನು ಕೂದಲೆಳೆಯಷ್ಟು ಆಚೀಚೆ ಮಾಡಿದ್ರೆ ನೆಗೆಟಿವ್‌ನ ಕಣಗಳು ರವೆ ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಕಾಣ್ತವೆ, ಅಲ್ಲೇ ನಿಲ್ಲಿಸ್ಬೇಕು. ಆಮೇಲೆ 8ಕ್ಕೆ ಇಳಿಸುವುದು, ಯಾಕಂದ್ರೆ ಹೆಚ್ಚಿನ ಲೆನ್ಸುಗಳಲ್ಲಿ ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಇಳಿಸಿದ್ರೆ ಬೆಳಕು ಅರ್ಧ) ಇಳಿಸಿದ ಮೇಲೆಯೇ ಮೂಲೆಗಳು ಸರಿಯಾಗಿ ಬರುವುದು, ದೀಪದ ಬಿಸಿಗೆ ನೆಗೆಟಿವ್ ಚೂರು ಉಬ್ಬಿದ್ರೂ ಸುಧಾರಿಸ್ತದೆ. ಆದ್ರೆ ಈ ಮೂರು ಸ್ಟಾಪಲ್ಲಿ ಬೆಳಕು ಎಂಟನೇ ಒಂದು ಪಾಲಾಗ್ತದೆ, 5 ಸೆಕೆಂಡ್ ಸಾಕಾಗ್ತಿದ್ದಲ್ಲಿ 40 ಕೊಡ್ಬೇಕು. ಈಗ ನೋಡಿ, ಹಲಗೆ ಮೇಲಿನ ಚಿತ್ರ ಮಬ್ಬು, ಫೋಕಸ್ ಮಾತ್ರ ಮೊದಲಿಗಿಂತ ಒಳ್ಳೇದು! ನಾನೂ 'ಮಬ್ಬು' ಅಂತ್ಲೇ ಬರೆದ್ರೆ ಹುಡುಗ ಸರಿಯಾಗಿ ಕೂತ ನಾಬನ್ನು ಪುನಃ ತಿರುಗಿಸ್ತಾನೆ. ಮತ್ತೆ ಬೆಳಕು ಸಾಲದ ಪ್ರಿಂಟ್ ಕಪ್ಪಾಗುವುದಲ್ಲ, ಬಿಳಿಚಿಕೊಳ್ಳುವುದು, ಅದಕ್ಕೂ ಕೆಲವ್ರು ಮಬ್ಬು ಅಂತಾರೆ.

ಸದ್ಯಕ್ಕೆ ಹೀಗೆ ಮಾಡಿದ್ದೇನೆ: ಬೆಳಕು ಕಮ್ಮಿ ಇದ್ರೆ 'ಮಬ್ಬು', ಮಬ್ಬುಗತ್ತಲೆ ಅಂತೇವಲ್ಲ ಹಾಗೆ. ಫೋಕಸ್ ತಪ್ಪಿದ್ರೆ 'ಮಂಜು', ಕಣ್ಣಿಗೆ ಪೊರೆ ಬಂದ ಹಿರಿಯರು "ಮಂಜು ಮಂಜು ಕಾಣ್ತದೆ" ಅಂತಾರಲ್ಲ, ಅದು. ಪ್ರಿಂಟಿಗೆ 'ಬಿಳಿಚಿದ್ದು'. ಫೋಕಸ್ ಕೂತದ್ದಕ್ಕೆ 'ನಿಚ್ಚಳ' ನನಗೆ ತುಂಬಾ ಹಿಡಿಸಿತು, 'ಹರಿತ' ಕತ್ತಿಗೇ ಇರ್ಲಿ. ಶಾಲೆ ಪುಸ್ತಕದ 'ಸಂಗಮ' ಕಿರಣ ಸೇರುವ ಬಿಂದುವಿಗೆ ಸರಿ, ಆದ್ರೆ "ಸ್ವಲ್ಪ ಸಂಗಮ ಮಾಡು" ಅಂತ ಕತ್ತಲೆ ಕೋಣೆಯಲ್ಲಿ ಯಾರೂ ಹೇಳ್ಲಿಕ್ಕಿಲ್ಲ.

ಘಟ್ಟದ ಮೇಲಿನವ್ರು ಹೇಳಿ, ಫೋಟೋ 'ಮಂಜಾಗಿದೆ' ಅಂದ್ರೆ ನಿಮಗೆ ಕೂಡ್ಲೇ ಅರ್ಥ ಆಗ್ತದಾ, ಇಲ್ಲಾ 'ಮಸುಕು' ಅಂತ್ಲೇ ಬರೀಬೇಕಾ? ಹಳೇ ಸ್ಟುಡಿಯೋಗಳಲ್ಲಿ ಪ್ರಿಂಟ್ ಹಾಕ್ತಿದ್ದವ್ರು ಯಾರಾದ್ರೂ ಇದ್ರೆ, ಈ ಎರಡಕ್ಕೆ ಅಲ್ಲಿ ಬೇರೆ ಬೇರೆ ಮಾತು ಇತ್ತಾ ಅಂತ ದಯವಿಟ್ಟು ತಿಳಿಸಿ.