ಪಾಸ್‌ವರ್ಡ್ ಹ್ಯಾಶಿಂಗ್ ಬಗ್ಗೆ ಮೇಡಂ ಹತ್ರ ಕೇಳಿ: ಹಾಸನ–ಚಿಕ್ಕಮಗಳೂರು ವೆಬ್ ಗುಂಪು

ಮೂಡಿಗೆರೆ: ಮೇಡಂ, ಹೋಂಸ್ಟೇ ಬುಕಿಂಗ್ ಸೈಟಿನಲ್ಲಿ ಪಾಸ್‌ವರ್ಡ್ ಟೈಪ್ ಮಾಡಿದ ಹಾಗೇ ಇತ್ತು. ನಿನ್ನೆ ರಾತ್ರಿ ಸೈಟಿನ ಪಿಎಚ್‌ಪಿ ಕೋಡ್‌ನಲ್ಲಿ ಎಲ್ಲಕ್ಕೂ ಬಿಕ್ರಿಪ್ಟ್ ಅನ್ನೋ ಹ್ಯಾಶಿಂಗ್ ಹಾಕಿದೆ. ಬೆಳಿಗ್ಗೆಯಿಂದ ಒಬ್ಬರಿಗೂ ಲಾಗಿನ್ ಆಗುತ್ತಿಲ್ಲ. ಡೇಟಾಬೇಸ್‌ನಲ್ಲಿ ಪಾಸ್‌ವರ್ಡ್ ಕಾಲಂ ವಾರ್‌ಚಾರ್ 50, ಅಂದರೆ 50 ಅಕ್ಷರಕ್ಕಷ್ಟೇ ಜಾಗ.

ಮೇಡಂ: ತಪ್ಪಿರುವುದು ಅಲ್ಲೇ. ಬಿಕ್ರಿಪ್ಟ್ ಹ್ಯಾಶ್, ಅಂದರೆ ಪಾಸ್‌ವರ್ಡನ್ನು ತಿರುಗಿ ಬಿಚ್ಚಲಾಗದ ಹಾಗೆ ಬದಲಿಸಿದ ಸಾಲು, 60 ಅಕ್ಷರ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಸ್ಟ್ರಿಕ್ಟ್ ಮೋಡ್‌ನಲ್ಲಿ (ಉದ್ದ ಮೀರಿದರೆ ತಡೆಯುವ ವ್ಯವಸ್ಥೆ) ಇಲ್ಲದಿದ್ದರೆ ಕೊನೆಯ 10 ಕತ್ತರಿಸಿ, ಒಂದು ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತದೆ. ಆ ಹ್ಯಾಶ್‌ಗಳು ಇನ್ನು ಉಪಯೋಗಕ್ಕಿಲ್ಲ. ಕಾಲಂ 255 ಮಾಡಿ, ಹಳೆಯ ಬ್ಯಾಕಪ್‌ನಿಂದ ಮತ್ತೆ ಹ್ಯಾಶ್ ಮಾಡಿ. ನನಗೆ ಚಿಂತೆ ಇರುವುದು ಆ ಬ್ಯಾಕಪ್‌ದು. ಅದು ಎಲ್ಲೆಲ್ಲಿದೆ? ತೆರೆದರೆ ಎಲ್ಲರ ಪಾಸ್‌ವರ್ಡ್ ಕಾಣುತ್ತದೆ. ಎಷ್ಟೋ ಜನ ಇಮೇಲ್‌ಗೂ ಅದನ್ನೇ ಇಟ್ಟಿರುತ್ತಾರೆ. ಕೆಲಸ ಮುಗಿದ ಕೂಡಲೇ ಸರ್ವರ್, ಲ್ಯಾಪ್‌ಟಾಪ್, ಪೆನ್‌ಡ್ರೈವ್ ಎಲ್ಲ ಕಡೆ ಅಳಿಸಿ.

ಮೂಡಿಗೆರೆ: ಒಂದು ಕಾಪಿ ಓನರ್‌ಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದೆ.

ಮೇಡಂ: ಹಾಗಾದ್ರೆ ಅದು ಹೊರಗೆ ಹೋಯ್ತು ಅಂತಲೇ ಲೆಕ್ಕ. ಹಳೆಯದನ್ನು ಹ್ಯಾಶ್ ಮಾಡಿ ಪ್ರಯೋಜನವಿಲ್ಲ. ಎಲ್ಲರಿಗೂ ವಿಷಯ ತಿಳಿಸಿ, ಹೊಸ ಪಾಸ್‌ವರ್ಡ್ ಇಡಿಸಿ. ಇವತ್ತೇ.

ಅರಸೀಕೆರೆ: ಬಿಕ್ರಿಪ್ಟ್ ಬದಲು ಹಳೆಯ ಹ್ಯಾಶ್ ಎಂಡಿ5 ಸಾಕಲ್ವಾ?

ಮೇಡಂ: ಸಾಲದು.

ಸಕಲೇಶಪುರ: ಫಾರ್ವರ್ಡ್ ಬಂದಿದೆ, ನೋಡಿ. ‘ಎಂಡಿ5 ಎರಡು ಸಲ ಮಾಡಿ, ಹಿಂದುಮುಂದು ಬರೆದು, ಬೇಸ್64 ಹಾಕಿ. ಯಾರಿಗೂ ಒಡೆಯಲು ಆಗಲ್ಲ.’

ಮೇಡಂ: ದಯವಿಟ್ಟು ಯಾರೂ ಇದನ್ನು ಹಾಕಬೇಡಿ, ಮುಂದಕ್ಕೂ ಕಳಿಸಬೇಡಿ. ಬೇಸ್64 ಅಂದರೆ ಅದನ್ನೇ ಬೇರೆ ಅಕ್ಷರಗಳಲ್ಲಿ ಬರೆಯುವುದು ಅಷ್ಟೇ, ಬೀಗವೇ ಅಲ್ಲ, ಯಾರು ಬೇಕಾದರೂ ಬಿಚ್ಚಬಹುದು. ಎಂಡಿ5 ತುಂಬಾ ವೇಗ. ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಕೋಟಿ ಊಹೆ ಹಾಕಿ ನೋಡುತ್ತದೆ. ಎರಡು ಸಲ ಮಾಡಿದರೆ ಅದಕ್ಕೇನು ಕಷ್ಟ? 1999ರಲ್ಲಿ ಬಂದ ಬಿಕ್ರಿಪ್ಟ್ ಬೇಕಂತಲೇ ನಿಧಾನ. ಅದರ ಕಾಸ್ಟ್ (ಎಷ್ಟು ನಿಧಾನ ಅನ್ನುವ ಅಂಕಿ) ಒಂದು ಏರಿಸಿದರೆ ಕೆಲಸ ಎರಡು ಪಟ್ಟು.

ಬೇಲೂರು: ನಮ್ಮೂರಿನ ಸೈಟನ್ನು ಯಾರು ಹ್ಯಾಕ್ ಮಾಡ್ತಾರೆ? ಸುಮ್ನೆ ಹೆದರಿಸಬೇಡಿ.

ಕಡೂರು: 2012ರಲ್ಲಿ ಲಿಂಕ್ಡ್‌ಇನ್‌ನ ಪಾಸ್‌ವರ್ಡ್‌ಗಳೇ ಸೋರಿದವು. ಸಾಲ್ಟ್ (ಪ್ರತಿ ಪಾಸ್‌ವರ್ಡ್‌ಗೂ ಬೇರೆ ಬೇರೆಯಾಗಿ ಸೇರಿಸುವ ಅಕ್ಷರಗಳು) ಇಲ್ಲದ ಎಸ್‌ಎಚ್‌ಎ-1 ಹ್ಯಾಶ್.

ಬೇಲೂರು: ಅದು ದೊಡ್ಡ ಕಂಪನಿ. ನಮಗೆ 300 ಗಿರಾಕಿ.

ಕಡೂರು: ಆ 300 ಜನ ನಿಮ್ಮನ್ನು ನಂಬಿ ಕೊಟ್ಟಿದ್ದಲ್ವಾ? ಕಾಫಿ ಕಣ ಚಿಕ್ಕದು ಅಂತ ಕಾವಲು ಬಿಡ್ತೀರಾ?

ಬೇಲೂರು: ನಿಮ್ಮನ್ನು ಕೇಳಿಲ್ಲ.



ಕಡೂರು: ಕೇಳದಿದ್ದರೂ ಹೇಳ್ತೀನಿ. ಇದು ಗುಂಪು.

ಅರಸೀಕೆರೆ: ಎಂಡಿ5ಗೆ ಸಾಲ್ಟ್ ಹಾಕಿದ್ರೆ?

ಮೇಡಂ: ಆಗಲೂ ವೇಗ ಅಷ್ಟೇ. ಸಾಲದು ಅಂದೆನಲ್ಲ. ಈಗಾಗಲೇ ಎಂಡಿ5 ಇದ್ದರೆ ಅದರ ಮೇಲೇ ಬಿಕ್ರಿಪ್ಟ್ ಹಾಕಿಡಿ. ಗಿರಾಕಿಗಳು ಲಾಗಿನ್ ಆದಾಗ ನೇರ ಬಿಕ್ರಿಪ್ಟ್‌ಗೆ ಬದಲಾಯಿಸಿ.

ಮೂಡಿಗೆರೆ: ಮೇಡಂ, ಓನರ್ ಒಪ್ಪುತ್ತಿಲ್ಲ. ಹೇಳಿದರೆ ಗಿರಾಕಿಗಳು ಹೆದರುತ್ತಾರಂತೆ.

ಮೇಡಂ: ಓನರ್ ನಂಬರ್ ನನಗೆ ಪ್ರತ್ಯೇಕವಾಗಿ ಕಳಿಸಿ. ನಾನೇ ಮಾತಾಡ್ತೀನಿ.