ಅಪ್‌ಡೇಟ್: ಪಾಠ ಬಿಟ್ಟು ಪೇಟೆಂಟ್ ಕೆಲಸಕ್ಕೆ ಸೇರಿದೆ

ಕೆಮಿಸ್ಟ್ರಿ ಪಿಎಚ್‌ಡಿ ಮಾಡಿ ನಾಲ್ಕು ವರ್ಷದಿಂದ ಅತಿಥಿ ಉಪನ್ಯಾಸಕನಾಗಿದ್ದೇನೆ, ಬೇರೆ ದಾರಿ ಇದೆಯಾ ಅಂತ ಹೋದ ವರ್ಷ ಕೇಳಿದ್ದೆ. ಪೇಟೆಂಟ್ (ಹೊಸ ಆವಿಷ್ಕಾರದ ಮೇಲೆ ಸಿಗುವ ಹಕ್ಕು) ಕಡೆ ನೋಡಿ ಅಂದವರಿಗೆ ಥ್ಯಾಂಕ್ಸ್. ಬೆಂಗಳೂರಿನ ಸಣ್ಣ ಕಂಪನಿಯೊಂದಕ್ಕೆ ಸೇರಿ ಐದು ತಿಂಗಳಾಯಿತು.

ಹೊಸ ಔಷಧ, ಪೇಟೆಂಟ್ ಬೇಕು ಅಂತ ಯಾರಾದರೂ ಬಂದರೆ, ಅದು ಮೊದಲೇ ಎಲ್ಲಾದರೂ ಪ್ರಕಟವಾಗಿದೆಯಾ ಅಂತ ಹುಡುಕುವುದು ನನ್ನ ಕೆಲಸ. ಪಿಎಚ್‌ಡಿಯಲ್ಲಿ ಹಿಂದಿನ ಸಂಶೋಧನೆಗಳನ್ನೆಲ್ಲ ಹುಡುಕಿ ಓದುತ್ತಿದ್ದ ಹಳೇ ಲಿಟರೇಚರ್ ರಿವ್ಯೂನೇ ಅಲ್ವಾ, ಸಂಬಳ ಮಾತ್ರ ತಿಂಗಳು ತಿಂಗಳು ಬರುತ್ತದೆ! ಆದರೆ ಪೇಟೆಂಟ್ ಅರ್ಜಿಯಲ್ಲಿ ಒಂದೊಂದು ಪದಕ್ಕೂ ತೂಕ ಜಾಸ್ತಿ. ಔಷಧದಲ್ಲಿ ಏನೇನಿದೆ ಅನ್ನುವಾಗ ‘ಕಂಪ್ರೈಸಿಂಗ್’ ಅಂತ ಬರೆದರೆ ಬೇರೆ ವಸ್ತುವೂ ಸೇರಬಹುದು. ‘ಕನ್ಸಿಸ್ಟಿಂಗ್ ಆಫ್’ ಅಂದರೆ ಇಷ್ಟೇ, ಬಾಗಿಲು ಬಂದ್. ಮೊದಲ ವಾರ ಇದನ್ನೇ ಅದಲುಬದಲು ಮಾಡಿ ಕಂಪನಿಯ ಮೇಡಂ ಹತ್ತಿರ ಬೈಸಿಕೊಂಡೆ.

ಮುಂದೆ ಪೇಟೆಂಟ್ ಏಜೆಂಟ್ (ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ಹಾಕುವವರು) ಪರೀಕ್ಷೆ. ಎರಡು ಪೇಪರ್, ಒಂದು ವೈವಾ, ಒಟ್ಟು ಶೇ. 60 ಬೇಕು. ಬರೆಯೋಕೆ ಸೈನ್ಸ್ ಡಿಗ್ರಿ ಸಾಕು, ಪಿಎಚ್‌ಡಿ ಬೇಕಾಗಿಲ್ಲ. ಅಮ್ಮನಿಗೆ ಇದನ್ನಿನ್ನೂ ಹೇಳಿಲ್ಲ.